ನೀಲಿ ಪೆಟ್ಟಿಗೆ ಮತ್ತು ಒಂದು 'ಬಹುದು'

ನನ್ನ ನಾದಿನಿಯ ಮಗಳು ರೆನಿಟಾ ಕಾನೂನು ಓದಿ ಮುಗಿಸಿ, ದೋಹಾದ ಒಂದು ಕಚೇರಿಯ ಕಾನೂನು ವಿಭಾಗಕ್ಕೆ ಕೆಲಸಕ್ಕೆ ಹೊರಟಿದ್ದಾಳೆ. ಹೋದ ವಾರ ಫೋನ್ ಮಾಡಿ, "ಮಾಮಿ, ಅಲ್ಲಿ ಹತ್ತೊಂಬತ್ತು ವರ್ಷ ಇದ್ದವರು ನೀವು. ನಾನು ಎಂತ ಓದಿಕೊಂಡು ಹೋಗ್ಬೇಕು?" ಎಂದು ಕೇಳಿದಳು. ಒಂದು ಅಡಿ ಸ್ಕೇಲ್ ತೆಗೆದುಕೊಂಡು ಹೋಗು, ಸಾಕು ಎಂದೆ. ಅವಳು ನಕ್ಕು ಫೋನ್ ಇಟ್ಟಳು. ಮಾಮಿಗೆ ವಯಸ್ಸಾಯಿತು ಎಂದುಕೊಂಡಿರಬೇಕು. ನಾನು ಹೇಳಿದ್ದು ತಮಾಷೆಯಲ್ಲ ಎಂದು ತಿಳಿಸುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಾನೂನು ಓದಿದವಳಲ್ಲ. ಬಿ.ಕಾಂ. ಪಾಸು, ಟೈಪಿಂಗ್‌ನಲ್ಲಿ ಸೀನಿಯರ್ ಪರೀಕ್ಷೆ, ಜೊತೆಗೆ ಶಾರ್ಟ್‌ಹ್ಯಾಂಡ್, ಅಷ್ಟೇ. ಆದರೂ ಕೊಲ್ಲಿಯ ಕೆಲವು ದೇಶಗಳು ಒಟ್ಟಾಗಿ ಪಾಲಿಸಿದ ನಿಯಮಗಳಲ್ಲಿ ಒಂದು ರಾಶಿ ನನ್ನ ಬೆರಳಡಿಯಿಂದ ಹೋಗಿವೆ, ಅವುಗಳಲ್ಲಿ ಹೆಚ್ಚಿನವು ನೆಟ್ಟಗೆ ಹೋಗಿವೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾವಾಗ ಬಡ್ತಿ ಸಿಕ್ಕಿತು, ಯಾವ ವರ್ಷ ಸರ್ಟಿಫಿಕೇಟ್ ಕೊಟ್ಟರು ಎಂಬುದೆಲ್ಲ ಮನೆಯ ಕಪಾಟಿನಲ್ಲಿದೆ, ಅಲ್ಲೇ ಇರಲಿ. ನೆಟ್ಟಗೆ ಹೋಗದ ಒಂದರ ಬಗ್ಗೆಯೇ ಇಲ್ಲಿ ಹೆಚ್ಚು ಹೇಳುತ್ತೇನೆ.

ದೋಹಾಕ್ಕೆ ಹೋಗುವ ಮೊದಲು ಉಡುಪಿಯಲ್ಲಿ ಒಬ್ಬ ಹಿರಿಯ ವಕೀಲರ ಹತ್ತಿರ ಎಂಟು ವರ್ಷ ಟೈಪಿಸ್ಟ್ ಆಗಿದ್ದೆ. ಕಾನೂನಿನ ಕನ್ನಡ ನನಗೆ ಬಂದದ್ದು ಅಲ್ಲಿ. ಆ ಕನ್ನಡದಲ್ಲಿ ಎಲ್ಲವೂ 'ತಕ್ಕದ್ದು'. ಬಾಡಿಗೆದಾರನು ಮನೆ ಬಿಟ್ಟುಕೊಡತಕ್ಕದ್ದು, ಪ್ರತಿವಾದಿಯು ಹಾಜರಾಗತಕ್ಕದ್ದು. ತಕ್ಕದ್ದು ಎಂದರೆ ಬೇರೆ ದಾರಿ ಇಲ್ಲ. 'ಬಹುದು' ಎಂದರೆ ಇಷ್ಟವಿದ್ದರೆ ಮಾಡು. ಕಾಗದದ ಮೇಲೆ ಲೆಕ್ಕ ಹೀಗೆ ಸರಳವಾಗಿತ್ತು. ಆದರೆ ನಮ್ಮ ವಕೀಲರು ಬಾಯಿ ತೆರೆದರೆ 'ತಕ್ಕದ್ದು' ಬರುತ್ತಿರಲಿಲ್ಲ, ಅವರು ಬಹಳ ಮರ್ಯಾದಸ್ಥರು. "ಸೆಲಿನ್, ಇದನ್ನು ಈಗ ಟೈಪ್ ಮಾಡಬಹುದು" ಎನ್ನುವರು. ಹಾಗೆಂದರೆ ಊಟಕ್ಕೆ ಏಳಬೇಡ, ಮುಗಿಸಿಯೇ ಏಳು ಎಂದು ಅರ್ಥ. ಕಕ್ಷಿದಾರರಿಗೆ "ಇನ್ನು ನೀವು ಹೊರಡಬಹುದು" ಎಂದರೆ ಬಾಗಿಲು ಆ ಕಡೆ ಎಂದು ಅರ್ಥ. ನಮ್ಮಲ್ಲಿ ದೊಡ್ಡವರ ಬಾಯಿಯ ಬಹುದು ಯಾವಾಗಲೂ ಹಾಗೆಯೇ ತಾನೆ. ಆ ಎಂಟು ವರ್ಷದಲ್ಲಿ ಅದು ನನ್ನ ರಕ್ತಕ್ಕೆ ಇಳಿದಿತ್ತು, ಅದು ಒಂದು ದಿನ ನನಗೆ ಕೈ ಕೊಡುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಗಂಡ ಹಡಗಿನ ಕೆಲಸದವರು, ವರ್ಷದಲ್ಲಿ ಎಂಟು ತಿಂಗಳು ನೀರ ಮೇಲೆ. ಮಕ್ಕಳಿರಲಿಲ್ಲ. ದೋಹಾದ ಕೆಲಸದ ಜಾಹೀರಾತು ನೋಡಿ ನಾನೇ ಅರ್ಜಿ ಹಾಕಿದೆ. ಕಚೇರಿಯಲ್ಲಿ ನನ್ನನ್ನು ಕೂರಿಸಿದ್ದು ಒಬ್ಬ ಸುಡಾನಿ ಕಾನೂನು ಸಲಹೆಗಾರರ ಕೈಕೆಳಗೆ. ಹೆಸರು ಬಷೀರ್, ಎಲ್ಲರೂ 'ಉಸ್ತಾದ್' ಎನ್ನುತ್ತಿದ್ದರು. ಆರಡಿ ಎತ್ತರ, ಮೆತ್ತಗಿನ ದನಿ, ಜೇಬಿನಲ್ಲಿ ಸದಾ ಒಂದು ಹಸಿರು ಪೆನ್ಸಿಲ್. ಅವರಿಗೆ ನಾನು ಮೊದಲ ದಿನದಿಂದ ಕೊನೆಯ ದಿನದವರೆಗೂ 'ಸಿಸ್ಟರ್ ಸೆಲಿನ್'. ಕೋಪ ಬಂದರೆ ಗಟ್ಟಿ ಮಾತಾಡುವವರಲ್ಲ. ತಪ್ಪಾದ ಪದದ ಮೇಲೆ ಆ ಪೆನ್ಸಿಲನ್ನು ಇಟ್ಟು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದರು. ಅದರ ಬದಲು ಎರಡು ಬೈದಿದ್ದರೆ ವಾಸಿ ಎನಿಸುತ್ತಿತ್ತು.

ಆ ಕಚೇರಿಯ ಕೆಲಸ ಅರ್ಥವಾಗಬೇಕಾದರೆ ಮೂರು ಮೆಟ್ಟಿಲು ಕಣ್ಣ ಮುಂದೆ ಇಟ್ಟುಕೊಳ್ಳಬೇಕು. ಕೆಲವು ವಿಷಯಗಳಲ್ಲಿ ಎಲ್ಲ ದೇಶಗಳಿಗೂ ಒಂದೇ ಕಾನೂನು ಇರಲಿ ಎಂದು ಆ ದೇಶಗಳು ಒಪ್ಪಿಕೊಂಡಿದ್ದವು. ಮೇಲಿನ ಮೆಟ್ಟಿಲಲ್ಲಿ ಮಂತ್ರಿಗಳು. ಅವರು ಅಪರೂಪಕ್ಕೆ ಸೇರಿ ಕಾನೂನಿಗೆ ಒಪ್ಪಿಗೆ ಕೊಡುವರು, ಅದು ಐದಾರು ಪುಟ. ನಡುವಿನ ಮೆಟ್ಟಿಲಲ್ಲಿ ಆ ದೇಶಗಳ ಅಧಿಕಾರಿಗಳ ಸಮಿತಿ. ಕಾನೂನು ಜಾರಿಗೆ ತರಲು ಬೇಕಾದ ವಿವರದ ನಿಯಮಗಳನ್ನು ಇವರು ಬರೆಯುವರು, ಅದು ಅರುವತ್ತು ಪುಟ. ಕೆಳಗಿನ ಮೆಟ್ಟಿಲಲ್ಲಿ ಒಂದೊಂದು ದೇಶವೂ ಅದನ್ನು ತನ್ನ ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಬೇಕು, ಆಮೇಲೆಯೇ ಅದು ಜನರಿಗೆ ಲಾಗೂ. ಈಗ ನೋಡಿ, ಐದು ಪುಟದವರ ಕೈಯಲ್ಲಿ ಅಧಿಕಾರ, ಅರುವತ್ತು ಪುಟದವರ ಕೈಯಲ್ಲಿ ಪೆನ್ನು. ಜನರಿಗೆ ಬಂದು ತಾಗುವುದು ಅರುವತ್ತು ಪುಟ. ಪೆನ್ನು ಹಿಡಿದವರು ಮಂತ್ರಿಗಳು ಹೇಳದ್ದನ್ನೂ ಸೇರಿಸುತ್ತ ಹೋದರೆ ಯಾರಿಗೆ ಗೊತ್ತಾಗಬೇಕು? ಅದನ್ನು ನೋಡಿಕೊಳ್ಳುವುದೇ ನಮ್ಮ ವಿಭಾಗದ ಕೆಲಸ.

ಉಸ್ತಾದರ ಉಪಾಯ ಬಹಳ ಸಾದಾ. ಉದ್ದನೆಯ ಕಾಗದವನ್ನು ಅಡ್ಡ ಇಟ್ಟು, ಸ್ಕೇಲ್ ಹಿಡಿದು ಮೂರು ಕಾಲಂ ಎಳೆಯುವುದು. ಮೊದಲನೆಯದರಲ್ಲಿ ಅಧಿಕಾರಿಗಳು ಬರೆದ ನಿಯಮ ಅರಬ್ಬಿಯಲ್ಲಿ, ಎರಡನೆಯದರಲ್ಲಿ ಅದೇ ಇಂಗ್ಲಿಷಿನಲ್ಲಿ. ಮೂರನೆಯದರಲ್ಲಿ ಆ ನಿಯಮ ಮಾಡಲು ಮಂತ್ರಿಗಳ ಕಾನೂನಿನ ಯಾವ ಕಲಂ ಅಧಿಕಾರ ಕೊಟ್ಟಿದೆ ಎಂಬುದು. ಮೂರನೆಯ ಕಾಲಂ ಖಾಲಿ ಉಳಿದರೆ ಆ ನಿಯಮ ಬಿದ್ದುಹೋಯಿತು. ಎಂಥ ದೊಡ್ಡ ಅಧಿಕಾರಿ ಬರೆದಿದ್ದರೂ ಅಷ್ಟೇ.

ಸೇರಿದ ಮೊದಲ ವರ್ಷದಲ್ಲೇ ಇದರ ರುಚಿ ಹತ್ತಿತು. ಗಡಿ ದಾಟಿ ಸಾಗಿಸುವ ಮೀನಿನ ಬಗ್ಗೆ ಒಂದು ಕಾನೂನಿತ್ತು. ಮೀನನ್ನು ತಣ್ಣಗಿನ, ಶುಚಿಯಾದ ಪೆಟ್ಟಿಗೆಯಲ್ಲಿ ಸಾಗಿಸಬೇಕು ಎಂದು ಅದರ ನಾಲ್ಕನೆಯ ಕಲಂ. ವಿವರದ ನಿಯಮದಲ್ಲಿ ಪೆಟ್ಟಿಗೆ ನೀಲಿ ಬಣ್ಣದ್ದಾಗಿರತಕ್ಕದ್ದು ಎಂದು ಬಂತು. ನಾನು ಮೂರನೆಯ ಕಾಲಂನಲ್ಲಿ ಕಣ್ಣುಮುಚ್ಚಿ 'ಕಲಂ ನಾಲ್ಕು' ಎಂದು ಹೊಡೆದೆ. ಹಸಿರು ಪೆನ್ಸಿಲ್ ಅಲ್ಲಿಗೆ ಬಂದು ನಿಂತಿತು.

"ಸಿಸ್ಟರ್ ಸೆಲಿನ್, ಶುಚಿ ನಾಲ್ಕನೆಯ ಕಲಮಿನಿಂದ ಬಂತು. ನೀಲಿ ಎಲ್ಲಿಂದ ಬಂತು?"

ವಿಚಾರಿಸಿದರೆ, ಬರೆದ ಅಧಿಕಾರಿಯ ಊರಿನ ಬಂದರಿನಲ್ಲಿ ಪೆಟ್ಟಿಗೆಗಳೆಲ್ಲ ನೀಲಿಯಂತೆ. ಆ ಮಹಾರಾಯ ಹುಟ್ಟಿದಂದಿನಿಂದ ನೀಲಿಯನ್ನೇ ನೋಡಿದವನು, ಹಾಗಾಗಿ ನೀಲಿ ಎಂದು ಬರೆದ. ಪಕ್ಕದ ದೇಶದಲ್ಲಿ ಎಲ್ಲವೂ ಬಿಳಿ. ಆ ಸಾಲು ಗೆಜೆಟ್ಟಿಗೆ ಹೋಗಿದ್ದರೆ ಬೆಳಗಾಗುವಷ್ಟರಲ್ಲಿ ಅಲ್ಲಿನ ಮೀನುಗಾರರೆಲ್ಲ ಕಾನೂನು ಮುರಿದವರಾಗುತ್ತಿದ್ದರು. ಸಾಲು ತೆಗೆದರು. ಅಂದಿನಿಂದ ನಮ್ಮ ಕಚೇರಿಯಲ್ಲಿ ಹೆಚ್ಚುವರಿಯಾಗಿ ನುಸುಳಿದ ಯಾವ ನಿಯಮಕ್ಕೂ 'ಅಜ್ರಕ್' ಎಂದೇ ಹೆಸರಾಯಿತು. ಅರಬ್ಬಿಯಲ್ಲಿ ಹಾಗೆಂದರೆ ನೀಲಿ. ಉಸ್ತಾದರು ಅಂಚಿನಲ್ಲಿ 'ಅಜ್ರಕ್' ಎಂದು ಬರೆದರೆ ಮುಂದೆ ಮಾತಿಲ್ಲ, ಖಲಾಸ್.

ಕೆಲಸದ ರೀತಿ ನನ್ನ ಕಣ್ಣ ಮುಂದೆಯೇ ಬದಲಾಯಿತು. ಮೊದಲು ಒಂದೊಂದು ದೇಶದ ಆಕ್ಷೇಪವೂ ಫ್ಯಾಕ್ಸಿನಲ್ಲಿ ಬರುತ್ತಿತ್ತು. ಸುರುಳಿ ಸುತ್ತಿದ ಆ ಕಾಗದವನ್ನು ನೇರ ಮಾಡಲು ಎರಡು ಸ್ಟೇಪ್ಲರ್ ಇಟ್ಟು ಓದಬೇಕು. ಎರಡು ಸಾವಿರನೇ ಇಸವಿ ಕಳೆದು ಸ್ವಲ್ಪ ಸಮಯಕ್ಕೆ ಎಲ್ಲವೂ ಕಂಪ್ಯೂಟರಿಗೆ ಬಂತು. ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಾದ ಕಾಲ ಅದು. ಯಾವ ವಾರ ಯಾವ ದೇಶದಲ್ಲಿ ಯಾರು ಕಚೇರಿಯಲ್ಲಿದ್ದಾರೆ ಎಂದು ನೆನಪಿಟ್ಟುಕೊಳ್ಳುವುದೇ ಒಂದು ತಲೆನೋವು. ಒಂದೇ ಫೈಲು ಎಲ್ಲ ರಾಜಧಾನಿಗಳನ್ನೂ ಸುತ್ತಿ ಕೆಂಪು ಅಕ್ಷರದ ತಿದ್ದುಪಡಿ ಹೊತ್ತು ವಾಪಸು ಬರುತ್ತಿತ್ತು. ಒಮ್ಮೆ ಹೀಗೆ ಸುತ್ತಿ ಬಂದ ಫೈಲಿನಲ್ಲಿ ಒಂದು 'ಇಲ್ಲ' ಎಂಬ ಪದವೇ ಮಾಯ. ಯಾರು ತೆಗೆದರು ಎಂದು ಕೇಳಿದರೆ ಎಲ್ಲರೂ ಮಾಫಿ, ಎಂದರೆ ಇಲ್ಲವೇ ಇಲ್ಲ, ನಾವಲ್ಲ ಎಂದರು. ಅದಾದ ಮೇಲೆ ನಾನು ಹಟ ಹಿಡಿದೆ. ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ತಿದ್ದಿ, ಕೊನೆಗೆ ಅಚ್ಚು ತೆಗೆದು, ಸ್ಕೇಲಿನಲ್ಲಿ ಕಾಲಂ ಎಳೆದು, ಮೂಲ ಕಾನೂನಿನ ಜೊತೆ ಸಾಲು ಸಾಲಾಗಿ ಹೋಲಿಸದೆ ನಾನು ಫೈಲ್ ಮೇಲೆ ಕಳಿಸುವುದಿಲ್ಲ ಎಂದು. ಉಸ್ತಾದರು ಅದಕ್ಕೆ ಸೈ ಎಂದರು.

ನಮ್ಮ ಮೇಲಿನವರು ಒಬ್ಬ ಕತಾರಿ, ಕಚೇರಿಯ ಮುದೀರ್, ಎಂದರೆ ನಿರ್ದೇಶಕರು. ನಲವತ್ತು ದಾಟದ ವಯಸ್ಸು, ಹೊರದೇಶದಲ್ಲಿ ಕಾನೂನು ಓದಿದವರು, ಬುದ್ಧಿವಂತರು. ಸಮಿತಿಯ ಅಧ್ಯಕ್ಷತೆಯೂ ಅವರದೇ. ಅವರಿಗೆ ನಿಧಾನ ಎಂದರೆ ಆಗದು. "ಯಲ್ಲಾ, ಯಲ್ಲಾ", ಎಂದರೆ ಬೇಗ ಬೇಗ, ಎನ್ನುತ್ತಲೇ ಕೋಣೆಗೆ ಬಂದು, ಹಾಗೆ ಎನ್ನುತ್ತಲೇ ಹೋಗುವರು. ಅವರ ಸುತ್ತೋಲೆಗಳು ಮಾತ್ರ ನಮ್ಮ ಉಡುಪಿ ವಕೀಲರ ಹಾಗೆ ಬಹಳ ಮರ್ಯಾದೆಯವು: 'ವಿಭಾಗಗಳು ಗುರುವಾರದೊಳಗೆ ವರದಿ ಕಳಿಸಬಹುದು.' ಉಸ್ತಾದರು ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿ ಬರೆಸುವಾಗ 'ಮೇ' ಬೇಡ, 'ಶಲ್' ಹಾಕು, ಇದು ಆಜ್ಞೆ ಎಂದು ಹೇಳಿಕೊಟ್ಟರು. ಹೇಳಿಕೊಡುವ ಅಗತ್ಯವೇ ಇರಲಿಲ್ಲ, ನನಗೆ ಅದು ನೀರು ಕುಡಿದಷ್ಟು ಸುಲಭ. ಆಮೇಲಾಮೇಲೆ ಅವರು ನನ್ನ ಇಂಗ್ಲಿಷ್ ಪ್ರತಿಯನ್ನು ನೋಡುವುದನ್ನೇ ಬಿಟ್ಟರು. ಸಿಸ್ಟರ್ ಸೆಲಿನ್ ಟೈಪ್ ಮಾಡಿದ್ದನ್ನು ಮತ್ತೆ ಓದಬೇಕಾಗಿಲ್ಲ ಎಂದು ಬೇರೆಯವರ ಎದುರು ಹೇಳಿದ್ದೂ ಉಂಟು. ನಾನು ಉಬ್ಬಿಹೋದೆ. ರೆನಿಟಾ, ನಿನ್ನ ಬರಹವನ್ನು ಇನ್ನು ಯಾರೂ ನೋಡಬೇಕಾಗಿಲ್ಲ ಎಂದು ಯಾರಾದರೂ ಹೊಗಳಿದರೆ, ಆ ದಿನವೇ ಹೋಗಿ ಅವರ ಮೇಜಿನ ಮೇಲೆ ಕಾಗದ ಇಟ್ಟು ನೋಡಿ ಎಂದು ಹೇಳು.

ಈಗ ಜಯಂತಿಯ ವಿಷಯಕ್ಕೆ ಬರುತ್ತೇನೆ.

ದೋಹಾದ ನಜ್ಮಾ ಬಡಾವಣೆಯಲ್ಲಿ ಒಂದು ದರ್ಜಿ ಅಂಗಡಿಯ ಮೇಲಿನ ಮನೆಯಲ್ಲಿ ನಾನು, ಜಯಂತಿ ಇಬ್ಬರೂ ಒಂದೊಂದು ಕೋಣೆ, ಒಂದೇ ಅಡುಗೆಮನೆ ಎಂದು ಒಂಬತ್ತು ವರ್ಷ ಇದ್ದೆವು. ಅವಳು ಮೈಸೂರಿನವಳು, ನನಗಿಂತ ಎಂಟು ವರ್ಷ ಚಿಕ್ಕವಳು, ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಮದುವೆಯಾಗಿರಲಿಲ್ಲ, ಆಗುವ ಆತುರವೂ ಇರಲಿಲ್ಲ. ಅವಳಿಗೆ ಪ್ರಪಂಚವೆಲ್ಲ ಆ ಸೂಕ್ಷ್ಮದರ್ಶಕದ ಗಾಜಿನ ಕೆಳಗೆ. ಊರಾಚೆಯ ಮುಐದರ್‌ನಲ್ಲಿ ಇದ್ದ ಒಬ್ಬ ಕೆಲಸಗಾರನಿಗೆ ವಾರಗಟ್ಟಲೆ ಜ್ವರ ಬಿಡದೆ, ಇಬ್ಬರು ನೋಡಿ ಏನೂ ಇಲ್ಲ ಎಂದ ರಕ್ತದಲ್ಲಿ ಮಲೇರಿಯಾ ಹಿಡಿದು ತೋರಿಸಿದವಳು ಅವಳು. ಆ ದಿನ ಮನೆಗೆ ಬಂದು ಹಬ್ಬದ ಹಾಗೆ ಕುಣಿದಿದ್ದಳು. ಆದರೆ ಅವಳಿಗಿದ್ದದ್ದು ಡಿಪ್ಲೊಮಾ ಮಾತ್ರ, ಪದವಿ ಇರಲಿಲ್ಲ.

ಲ್ಯಾಬಿನವರ ಲೈಸೆನ್ಸ್ ಬಗ್ಗೆ ಎಲ್ಲ ದೇಶಗಳಿಗೂ ಒಂದೇ ಕಾನೂನು ಬಂತು. ಇನ್ನು ಮುಂದೆ ಪದವಿ ಬೇಕು. ಅದರ ಒಂಬತ್ತನೆಯ ಕಲಂ ಹೀಗಿತ್ತು: ಮೊದಲೇ ಹತ್ತು ವರ್ಷ ಕೆಲಸ ಮಾಡಿದ ಡಿಪ್ಲೊಮಾದವರಿಗೆ ಸಮಿತಿಯು ವಿನಾಯಿತಿ ಕೊಡಬಹುದು. ಉಸ್ತಾದರು ಅರಬ್ಬಿ ನೋಡಿಕೊಂಡು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಬರೆದುಕೊಂಡು ಟೈಪ್ ಮಾಡಿದೆ. ಅದು ಆಸ್ಪತ್ರೆಗಳಿಗೆಲ್ಲ ಹೋಯಿತು. ಅದರ ಒಂದು ಪ್ರತಿಯನ್ನು ಜಯಂತಿ ಲ್ಯಾಬಿನಿಂದ ತಂದು ನನ್ನ ಮುಂದೆ ಹಿಡಿದಳು. ನಮ್ಮ ಕಚೇರಿಯ ಇಂಗ್ಲಿಷಿನಲ್ಲಿ 'ಶಲ್', ಎಂದರೆ 'ವಿನಾಯಿತಿ ಕೊಡತಕ್ಕದ್ದು' ಎಂದಿತ್ತು. ಅವಳಿಗೆ ಆಗಲೇ ಹದಿನಾಲ್ಕು ವರ್ಷದ ಸರ್ವಿಸ್. ಆ ಶುಕ್ರವಾರ ನಾನು ನಮ್ಮ ಕ್ರೈಸ್ತರ ಪೂಜೆ ಮುಗಿಸಿ ಬರುವಷ್ಟರಲ್ಲಿ ಒಬ್ಬಟ್ಟು ಮಾಡಿಟ್ಟಿದ್ದಳು. ಬರೆದವರು ನೀವೇ ಅಲ್ಲವೇ ಎಂದು ನನಗೊಂದು ಹೆಚ್ಚೇ ಬಡಿಸಿದಳು. ನಾನು ಮೂರು ತಿಂದೆ.

ಎರಡು ವರ್ಷ ಕಳೆದ ಮೇಲೆ ಆ ಕಾನೂನಿನ ವಿವರದ ನಿಯಮಗಳ ಕರಡು ಬಂತು. ಇಪ್ಪತ್ತೊಂದನೆಯ ನಿಯಮ: ಪದವಿ ಇಲ್ಲದ ಯಾರಿಗೂ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ. ಬರೆದವರು ಮುದೀರ್ ಅವರೇ. ಅವರನ್ನು ಕೆಟ್ಟವರು ಎಂದುಕೊಳ್ಳಬಾರದು. ಎಲ್ಲೋ ಒಂದು ಕಡೆ ಯಾರೋ ರಕ್ತದ ಗುಂಪನ್ನು ತಪ್ಪಾಗಿ ಬರೆದು ಒಬ್ಬ ಹೆಂಗಸು ಸಾಯುವ ಹಾಗಾಗಿತ್ತು, ಅದು ಅವರ ಮನಸ್ಸನ್ನು ಕೊರೆಯುತ್ತಿತ್ತು. ಹಳಬರು, ಹೊಸಬರು ಎಂದು ನೋಡದೆ ಒಂದೇ ಏಟಿಗೆ ಮುಗಿಸಬೇಕು ಎಂದು ಅವರ ಇರಾದೆ.

ನಾನು ಸ್ಕೇಲ್ ಹಿಡಿದು ಕಾಲಂ ಎಳೆದೆ. ಒಳಗೊಳಗೇ ಖುಷಿ. ಕಾನೂನು ಕೊಡತಕ್ಕದ್ದು ಎಂದರೆ ನಿಯಮ ಇಲ್ಲ ಎನ್ನುವುದು ಹೇಗೆ? ಇದು ಅಜ್ರಕ್ಕೇ ಅಜ್ರಕ್ ಎಂದುಕೊಂಡು ಅರಬ್ಬಿಯ ಒಂಬತ್ತನೆಯ ಕಲಮನ್ನು ತೆಗೆದು ಪಕ್ಕದಲ್ಲಿಟ್ಟೆ. ಅಲ್ಲಿ 'ಯಜೂಜ್' ಎಂದಿತ್ತು. ಅಷ್ಟು ಅರಬ್ಬಿ ನನಗೆ ಬರುತ್ತಿತ್ತು. ಯಜೂಜ್ ಎಂದರೆ ಬಹುದು.

ಹಳೆಯ ಶಾರ್ಟ್‌ಹ್ಯಾಂಡ್ ಪುಸ್ತಕ ಹುಡುಕಿ ತೆಗೆದೆ. ಉಸ್ತಾದರು ಸರಿಯಾಗಿಯೇ 'ಮೇ' ಎಂದು ಹೇಳಿದ್ದರು, ನಾನು ಹಾಗೆಯೇ ಬರೆದುಕೊಂಡಿದ್ದೆ. ಟೈಪ್ ಮಾಡುವಾಗ ನನ್ನ ಕೈ ಅದನ್ನು 'ಶಲ್' ಮಾಡಿತ್ತು. ಮಂತ್ರಿಗಳು ಎಂದರೆ ದೊಡ್ಡವರು, ದೊಡ್ಡವರ ಬಹುದು ಎಂದರೆ ಆಜ್ಞೆ ಎಂದು ಉಡುಪಿಯ ಸೆಲಿನ್ ತೀರ್ಮಾನ ಮಾಡಿಬಿಟ್ಟಿದ್ದಳು. ಸುತ್ತೋಲೆಗೆ ಸರಿಹೋದ ಜಾಣತನ ಕಾನೂನಿಗೆ ಕೊಳ್ಳಿ ಇಟ್ಟಿತ್ತು. ಅರಬ್ಬಿ ಪ್ರತಿಯೇ ಅಧಿಕೃತ, ಇಂಗ್ಲಿಷ್ ಬರಿಯ ಅನುಕೂಲಕ್ಕೆ. ಹಾಗಾಗಿ ಜಯಂತಿ ಎರಡು ವರ್ಷ ಹಿಡಿದುಕೊಂಡು ಕೂತಿದ್ದ ಆ ಪದಕ್ಕೆ ಬೆಲೆಯೇ ಇರಲಿಲ್ಲ.

ಸುಳ್ಳು ಹೇಳುವುದಿಲ್ಲ, ಕಂಪ್ಯೂಟರಿನ ಇಂಗ್ಲಿಷ್ ಪ್ರತಿಯಲ್ಲಿ ಆ 'ಶಲ್' ಒಂದನ್ನು ಬದಲಿಸಿದರೆ ಯಾರಿಗೂ ಗೊತ್ತಾಗದು ಎಂಬ ಯೋಚನೆಯೂ ಬಂತು. ಆಮೇಲೆ ಆ ಮಾಯವಾದ 'ಇಲ್ಲ' ನೆನಪಾಗಿ ನಾಚಿಕೆಯಾಯಿತು. ಮೂರನೆಯ ಕಾಲಂನಲ್ಲಿ 'ಕಲಂ ಒಂಬತ್ತು' ಎಂದು ಬರೆದೆ. ಕೊಡಬಹುದು ಎಂದಮೇಲೆ ಕೊಡದೆಯೂ ಇರಬಹುದು, ನಿಯಮ ಸರಿಯಾಗಿಯೇ ಇದೆ ಎಂಬುದು ನನ್ನ ಲೆಕ್ಕ. ಬರೆದು, ಎದ್ದು, ಉಸ್ತಾದರ ಮುಂದೆ ಹೋಗಿ ನಿಂತೆ. ತಪ್ಪು ನನ್ನದು ಎಂದೆ. ತೊಂದರೆಗೆ ಸಿಕ್ಕಿಕೊಳ್ಳುವ ಒಬ್ಬಳು ನನ್ನ ಜೊತೆಗೇ ಇದ್ದಾಳೆ ಎಂಬುದನ್ನೂ ಹೇಳಿದೆ.

ಅವರು, ಇಂಗ್ಲಿಷ್ ಪ್ರತಿಯನ್ನು ತಾವು ಓದದೆ ಬಿಟ್ಟದ್ದೂ ತಪ್ಪೇ ಎಂದರು. ಸಮಿತಿಯ ಸಭೆಯಲ್ಲಿ ಈ ಪದದ ತಿದ್ದುಪಡಿಯನ್ನು ನೀನೇ ಓದು, ಆದರೆ ಇಪ್ಪತ್ತೊಂದನೆಯ ನಿಯಮದ ಬಗ್ಗೆ ಒಂದು ಮಾತೂ ಆಡಬೇಡ, ಮನೆಯಲ್ಲಿ ಕರಡಿನ ಸುದ್ದಿ ಎತ್ತಬೇಡ ಎಂದೂ ಹೇಳಿದರು. ನನ್ನ ತಪ್ಪು ಅಚ್ಚಾಗಿ ಹೊರಗೆ ಹೋದ ತಪ್ಪು, ಅದನ್ನಾದರೂ ಅವಳಿಗೆ ಹೇಳಲೇ ಎಂದು ಕೇಳಿದೆ. ಹೇಳು ಎಂದರು. ಆಮೇಲೆ ಮೂರನೆಯ ಕಾಲಂ ನೋಡಿದರು. ಹಸಿರು ಪೆನ್ಸಿಲ್ ನಾನು ಬರೆದ 'ಕಲಂ ಒಂಬತ್ತು' ಎಂಬುದರ ಮೇಲೆ ಬಂದು ನಿಂತಿತು. ಯಾಕೆ ಎಂದು ಅವರು ಹೇಳಲಿಲ್ಲ.

ಆ ಸಂಜೆ ಜಯಂತಿ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ನಿಂತು, ಕರಡಿನ ಸುದ್ದಿಯೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಉಡುಪಿಯ ವಕೀಲರು, ಅವರ ಬಹುದು, ನನ್ನ ಕೈ ಮಾಡಿದ ಕೆಲಸ. ಅವಳು ಚಾಕು ಕೆಳಗಿಟ್ಟಳು.

"ಆಸ್ಪತ್ರೆಯವ್ರು ಡಿಪ್ಲೊಮಾದೋರಿಗೆ ಪದವಿ ಕೋರ್ಸ್ ಮಾಡ್ಸಿದ್ರಲ್ಲ ಅಕ್ಕಾ, ಸಂಜೆ ಹೊತ್ತು. ನಂಗ್ಯಾಕೆ ಅಂತ ನನ್ ಹೆಸ್ರು ನಾನೇ ಹೊಡ್ಸಿಹಾಕ್ದೆ. ನೀವು ಬರ್ದಿದ್ದನ್ನ ನಂಬ್ಕೊಂಡು."

"ನನಗೆ ಗೊತ್ತಿರಲಿಲ್ಲ ಮಾರಾಯ್ತಿ" ಎಂದೆ.

"ನಿಮ್ಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರ್ಬೇಕಿತ್ತು?"

ಆ ಕೋರ್ಸ್ ಮುಚ್ಚಿ ಎಂಟು ತಿಂಗಳಾಗಿತ್ತು. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಪಾತ್ರೆ ಬಡಿಯುವುದಿಲ್ಲ. ಬೆಳಗ್ಗೆ ನನ್ನ ಪಾಲಿನ ಕಾಫಿ ಮಾಡುವುದನ್ನು ನಿಲ್ಲಿಸಿದಳು, ಫ್ರಿಜ್ಜಿನಲ್ಲಿ ತನ್ನ ಹಾಲಿನ ಪಾಕೀಟನ್ನು ಬೇರೆ ಶೆಲ್ಫಿಗೆ ಸರಿಸಿದಳು, ಅಷ್ಟೇ. ಎರಡು ಕೋಣೆಯ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ನಾನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಅವಳ ಕೋಪ ನ್ಯಾಯದ್ದು ಎಂದು ಗೊತ್ತಿದ್ದುದರಿಂದ ದುಃಖ ಇನ್ನೂ ಹೆಚ್ಚಾಗಿತ್ತು.

ಸಭೆ ಸೇರಿದ್ದು ಹತ್ತು ದಿನದ ಮೇಲೆ. ಉದ್ದನೆಯ ಮೇಜಿನ ಸುತ್ತ ಎಲ್ಲ ದೇಶಗಳ ಅಧಿಕಾರಿಗಳು, ತಲೆಯ ಕಡೆ ಮುದೀರ್, ಅವರ ಎಡಕ್ಕೆ ಉಸ್ತಾದ್, ಗೋಡೆಯ ಬದಿಯ ಕುರ್ಚಿಯಲ್ಲಿ ನಾನು. ಮೊದಲು ನನ್ನನ್ನು ಎಬ್ಬಿಸಿದರು. ಒಂಬತ್ತನೆಯ ಕಲಮಿನ ಇಂಗ್ಲಿಷ್ ಪ್ರತಿಯಲ್ಲಿ 'ಶಲ್' ಎಂದು ಇರುವಲ್ಲಿ 'ಮೇ' ಎಂದು ಓದಿಕೊಳ್ಳಬೇಕು, ಇದು ಟೈಪ್ ಮಾಡಿದ ನನ್ನ ತಪ್ಪು ಎಂದು ಓದಿದೆ.

ಇಷ್ಟು ವರ್ಷ ಅನುಭವವಿದ್ದವರು ಇಷ್ಟು ಸಣ್ಣ ಪದದಲ್ಲಿ ಹೇಗೆ ಎಡವಿದಿರಿ ಎಂದು ಮುದೀರ್ ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕು ಎಂಬಂತೆ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಮ್ಮ ಭಾಷೆಯಲ್ಲಿ ದೊಡ್ಡವರು 'ಮಾಡಬಹುದು' ಎಂದರೆ, ಮಾಡದೆ ಬಿಡುವ ಹಾಗಿಲ್ಲ ಸರ್. ಮಂತ್ರಿಗಳ ಬಹುದನ್ನೂ ನಾನು ಹಾಗೆ ಕೇಳಿಸಿಕೊಂಡೆ."

ಮೇಜಿನ ಸುತ್ತ ಎಲ್ಲರೂ ನಕ್ಕರು. ಉಸ್ತಾದ್ ಮಾತ್ರ ನಗಲಿಲ್ಲ. ಅವರು ಎದ್ದು ನಿಂತು ಮೆತ್ತಗೆ ಮಾತು ಶುರುಮಾಡಿದರು. ಸಿಸ್ಟರ್ ಸೆಲಿನ್ ಆ ಪದವನ್ನು ತಪ್ಪಾಗಿ ಬರೆದಿದ್ದಾರೆ, ಆದರೆ ಪೂರ್ತಿ ತಪ್ಪಾಗಿ ಕೇಳಿಸಿಕೊಂಡಿಲ್ಲ ಎಂದರು. ಸಮಿತಿಗೆ ಈ ಬಹುದನ್ನು ಕೊಟ್ಟದ್ದು ಸಮಿತಿಯ ಸುಖಕ್ಕಲ್ಲ, ಆ ಹಳೆಯ ಕೆಲಸಗಾರರಿಗಾಗಿ. ಒಬ್ಬೊಬ್ಬರನ್ನೂ ನೋಡಿ, ತಕ್ಕವರಿಗೆ ಕೊಡಿ, ತಕ್ಕವರಲ್ಲದಿದ್ದರೆ ಬೇಡ ಎನ್ನಿ ಎಂದು. ಬೇಡ ಎನ್ನುವ ಅಧಿಕಾರ ಸಮಿತಿಗಿದೆ. ಆದರೆ ನೋಡದೆ ಬೇಡ ಎನ್ನುವ ಅಧಿಕಾರವನ್ನು ಯಾವ ಕಲಂ ಕೊಟ್ಟಿದೆ?

ಆಮೇಲೆ ನಾನು ಗೆರೆ ಎಳೆದ ಕಾಗದವನ್ನು ಮುದೀರ್ ಮುಂದೆ ಸರಿಸಿದರು.

"ಮಂತ್ರಿಗಳು ಒಂದು ಬಾಗಿಲು ಇಟ್ಟು ಬೀಗದ ಕೈ ನಮಗೆ ಕೊಟ್ಟಿದ್ದಾರೆ. ತೆಗೆಯುವುದೂ ಹಾಕುವುದೂ ನಮ್ಮ ಇಷ್ಟ. ಆ ಜಾಗದಲ್ಲಿ ಗೋಡೆ ಕಟ್ಟಲು ಹೇಳಿಲ್ಲ."

ಒಂದು ದೇಶದ ಅಧಿಕಾರಿ ಒಬ್ಬೊಬ್ಬರನ್ನೇ ನೋಡಲು ಯಾರಿಗೆ ಪುರುಸೊತ್ತು ಎಂದರು. ಇನ್ನೊಬ್ಬರು, ಈ ನಿಯಮ ಹೀಗೇ ಹೋದರೆ ತಮ್ಮ ದೇಶದ ಗೆಜೆಟ್ಟಿನಲ್ಲಿ ಅಚ್ಚಾಗುವುದು ಕಷ್ಟ, ಮಂತ್ರಿಗಳು ಒಪ್ಪಿದ್ದು ಇದನ್ನಲ್ಲ ಎಂದರು. ಮುದೀರ್ ನನ್ನ ಕಾಗದವನ್ನೇ ನೋಡುತ್ತಿದ್ದರು. ಆ ಮನುಷ್ಯ ಒಂದು ಕಾಗದವನ್ನು ಅಷ್ಟು ಹೊತ್ತು ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕೊನೆಗೆ ಉಸ್ತಾದರ ಕಡೆ ಕೈ ಚಾಚಿದರು. ಉಸ್ತಾದರು ಹಸಿರು ಪೆನ್ಸಿಲನ್ನು ಕೊಟ್ಟರು. ಮುದೀರ್ ಮೂರನೆಯ ಕಾಲಂನಲ್ಲಿದ್ದ ನನ್ನ 'ಕಲಂ ಒಂಬತ್ತು' ಎಂಬುದನ್ನು ಹೊಡೆದುಹಾಕಿ, ಅಂಚಿನಲ್ಲಿ ತಮ್ಮ ನಿಯಮದ ಎದುರಿಗೆ ತಾವೇ ಒಂದು ಪದ ಬರೆದರು. ಕಾಗದ ನನ್ನ ಕೈಗೆ ವಾಪಸು ಬಂದಾಗ ಓದಿದೆ. 'ಅಜ್ರಕ್' ಎಂದಿತ್ತು.

ದೊಡ್ಡ ಅಧಿಕಾರ ಇದ್ದವರು ಸಿಟ್ಟಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ತಾವೇ ಬರೆದದ್ದನ್ನು ತಮ್ಮ ಕೈಯಿಂದಲೇ ನೀಲಿ ಎಂದವರನ್ನು ನೋಡಿದ್ದು ಅವರೊಬ್ಬರನ್ನೇ. ಆಮೇಲೆ ಅವರ 'ಯಲ್ಲಾ' ನನಗೆ ಕಿರಿಕಿರಿ ಎನಿಸಲಿಲ್ಲ.

ಇಪ್ಪತ್ತೊಂದನೆಯ ನಿಯಮವನ್ನು ಹೊಸದಾಗಿ ಬರೆದರು. ಅರ್ಜಿ ಹಾಕಿದ ಒಬ್ಬೊಬ್ಬರನ್ನೂ ಕರೆದು, ಕೆಲಸ ಮಾಡಿಸಿ ನೋಡಿ ತೀರ್ಮಾನಿಸಬೇಕು ಎಂದು. ಅದರ ಜೊತೆಗೇ 'ಶಲ್' ಹೋಗಿ 'ಮೇ' ಬಂದ ತಿದ್ದೋಲೆಯೂ ಆಸ್ಪತ್ರೆಗಳಿಗೆ ಹೋಯಿತು. ಎರಡನ್ನೂ ನಾನೇ ಟೈಪ್ ಮಾಡಿದೆ, ಎರಡನ್ನೂ ಉಸ್ತಾದರು ಎರಡೆರಡು ಸಲ ಓದಿದರು.

ಜಯಂತಿಗೆ ಕರೆ ಬಂದದ್ದು ಒಂದೂವರೆ ತಿಂಗಳಿಗೆ. ಅವಳು ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಬ್ಯಾಗಿಗೆ ಹಾಕಿಕೊಂಡು ಹೋಗುವುದನ್ನು ಬಾಗಿಲ ಸಂದಿಯಿಂದ ನೋಡಿದೆ. ಆಲ್ ದ ಬೆಸ್ಟ್ ಹೇಳಲೂ ಹೆದರಿಕೆ. ಆ ದಿನ ಕಚೇರಿಯಲ್ಲಿ ಒಂದೇ ಪುಟವನ್ನು ನಾಲ್ಕು ಸಲ ಟೈಪ್ ಮಾಡಿದೆ. ಅವಳ ಮುಂದೆ ಐದು ಸ್ಲೈಡ್ ಇಟ್ಟರಂತೆ. ನಾಲ್ಕರಲ್ಲಿ ಏನಿದೆ ಎಂದು ಸರಿಯಾಗಿ ಹೇಳಿದಳಂತೆ. ಐದನೆಯದನ್ನು ನೋಡಿ, ಇದಕ್ಕೆ ಬಣ್ಣ ಸರಿಯಾಗಿ ಹಿಡಿದಿಲ್ಲ, ಇದರ ಮೇಲೆ ನಾನು ಏನೂ ಹೇಳಲಾರೆ, ಹೊಸ ಸ್ಲೈಡ್ ಮಾಡಿಸಿ ಎಂದಳಂತೆ. ಅವರು ಕಾಯುತ್ತಿದ್ದದ್ದು ಆ ಉತ್ತರಕ್ಕೇ. ಹೋಲಿಕೆಗೆಂದು ಅದೇ ಸ್ಲೈಡನ್ನು ಮೊದಲು ತೋರಿಸಿದಾಗ, ಪದವಿ ಇದ್ದ ಇಬ್ಬರು ಅದರಲ್ಲೂ ಏನೋ ಇದೆ ಎಂದು ಹೇಳಿ ಹೋಗಿದ್ದರಂತೆ. ತೀರ್ಮಾನವನ್ನೂ ಅಲ್ಲೇ ಬರೆದು ಕೈಗೆ ಕೊಟ್ಟರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅಂದು ಸಂಜೆ ನಾನು ಬಸ್ಸಿಳಿದು ಮೆಟ್ಟಿಲು ಹತ್ತಿ ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ಮೇಜಿನ ಮೇಲೆ ಒಂದು ಪತ್ರ ಬಿಚ್ಚಿಟ್ಟಿತ್ತು, ನನ್ನ ಕಡೆಗೆ ತಿರುಗಿಸಿ. ನಿಂತಲ್ಲೇ ಓದಿದೆ. ಒಂಬತ್ತನೆಯ ಕಲಮಿನ ಪ್ರಕಾರ ಸಮಿತಿಯು ಕೊಡಬಹುದಾದ ವಿನಾಯಿತಿಯನ್ನು ಈ ಅರ್ಜಿದಾರರಿಗೆ ಕೊಟ್ಟಿದೆ. ಏನಾದರೂ ಹೇಳಬೇಕು ಎನಿಸಿತು. ಆದರೆ ಎರಡು ತಿಂಗಳಲ್ಲಿ ಆ ಮನೆಯಲ್ಲಿ ಹೇಗೆ ಮಾತಾಡುವುದು ಎಂಬುದೇ ಮರೆತಂತಾಗಿತ್ತು.

ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದಳು. ಒಂದನ್ನು ನನ್ನ ಜಾಗದ ಮುಂದೆ ಇಟ್ಟಳು.

"ಅಕ್ಕಾ, ಇನ್ನು ನೀವು ನನ್ ಜೊತೆ ಮಾತಾಡ್ಬಹುದು" ಎಂದಳು.

ಅದು ಯಾವ ಬಹುದು ಎಂದು ನಾನು ಕೇಳಲಿಲ್ಲ. ಕುರ್ಚಿ ಎಳೆದು ಕೂತು, ಮಾತಾಡಿದೆ.